ಗಾಳಿಮಾತು

ಹಲ್ಲಿ ಲೊಚಗುಟ್ಟಿದರೆ ನೆಲವನ್ನು ಬೆರಳಿನಿಂದ ತಟ್ಟಿ, ‘ಕೃಷ್ಣ ಕೃಷ್ಣ’ ಎಂದು ಹೇಳಿ, ಹಿಡಿದ ಕೆಲಸವನ್ನು ಮುಂದುವರಿಸುವುದು ಹಳೆಯ ಮನೆಗಳ ಪದ್ಧತಿ. ಶಕುನವನ್ನು ನಂಬಿದಂತೆಯೂ ಆಯಿತು, ನಂಬದಂತೆಯೂ ಆಯಿತು. ಬೆಂಗಳೂರಿನ ಜಯನಗರದ ಒಂದು ಮನೆಯಲ್ಲಿ ಈ ಮರ್ಯಾದೆ ಕೆಲವು ತಿಂಗಳ ಕಾಲ ಕಾರಿನೊಳಗಿನ ಒಂದು ಹಳದಿ ದೀಪಕ್ಕೂ ಸಂದಿತು.

ಆ ಮನೆಯ ಯಜಮಾನರು ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ಮಾಡಿ ನಿವೃತ್ತರಾದವರು. ಬಹುಕಾಲ ಸ್ಕೂಟರಿನಲ್ಲಿಯೂ ಅನಂತರ ಪುಟ್ಟ ಕಾರೊಂದರಲ್ಲಿಯೂ ಓಡಾಡಿದ ಅವರಿಗೆ ಅರುವತ್ತೆರಡನೆಯ ವಯಸ್ಸಿನಲ್ಲಿ ಜರ್ಮನಿಯ ದೊಡ್ಡ ಕಾರಿನ ಮೇಲೆ ಮನಸ್ಸಾಯಿತು. 2011ರಲ್ಲಿ ತಯಾರಾದ ಬಂಡಿ. 2022ರಲ್ಲಿ ಇವರ ಕೈಸೇರುವ ಹೊತ್ತಿಗೆ ಅದರ ಬೆಲೆ ಹೊಸ ಪುಟ್ಟ ಕಾರಿನ ಬೆಲೆಗಿಂತಲೂ ಇಳಿದಿತ್ತು. ಮುದಿ ಆನೆ ಅಗ್ಗಕ್ಕೆ ದೊರೆತರೂ ಮೇವಿನ ಖರ್ಚು ಇಳಿಯುವುದಿಲ್ಲವೆಂದು ಮಡದಿ ಎಚ್ಚರಿಸದೆ ಇರಲಿಲ್ಲ. ಆದರೆ ಆ ತೊಗಲಿನ ಆಸನದಲ್ಲಿ ಒಮ್ಮೆ ಕುಳಿತವರಿಗೆ ವಿವೇಕದ ಮಾತು ಕೇಳಿಸುವುದು ಕಷ್ಟ.

ಡಿಸೆಂಬರಿನ ಒಂದು ಮುಂಜಾನೆ ದೀಪ ಮೊದಲ ಸಲ ಹತ್ತಿಕೊಂಡಿತು. ಟೈರನ್ನು ಅಡ್ಡಲಾಗಿ ಸೀಳಿದರೆ ಕಾಣುವ ಆಕಾರ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಚಿತ್ರ ಬರೆದವರ ಉದ್ದೇಶ ಹಾಗಿದ್ದರೂ ನೋಡಿದವರಿಗೆ ಅದು ಬಚ್ಚಲಮನೆಯ ಹಂಡೆಯಂತೆಯೇ ಕಾಣುವುದು. “ರೀ, ಹಂಡೆ ಹತ್ತಿಕೊಂಡಿತು!” ಎಂದು ಮಡದಿ ಹೇಳಿದರು. ಆ ಮನೆಯಲ್ಲಿ ಅದಕ್ಕೆ ಆ ಹೆಸರೇ ನಿಂತಿತು.

ಟೈರಿನಲ್ಲಿ ಗಾಳಿ ಕಡಮೆಯೆಂದು ಅದರ ಅರ್ಥ. ಯಜಮಾನರು ಹತ್ತು ಗಂಟೆಗೆ ನಾಲ್ಕು ಮೈಲಿ ಆಚೆಯ ಪಂಕ್ಚರ್ ಅಂಗಡಿಗೆ ಹೋದರು. ಅಲ್ಲಿಗೆ ತಲಪುವುದರೊಳಗೆ ದೀಪ ಆರಿಹೋಗಿತ್ತು. ಅಂಗಡಿಯವನು ಗೇಜು ಹಚ್ಚಿ ನೋಡಿ, “ಗಾಳಿ ಸರಿಯಾಗೈತೆ ಸಾರ್, ಗಾಡಿಗೇ ವಯಸ್ಸಾಗೈತೆ” ಎಂದ. ಮರುದಿನ ಮುಂಜಾನೆ ಮತ್ತೆ ದೀಪ. ಹತ್ತು ಗಂಟೆಗೆ ಮತ್ತೆ ಮಾಯ. ಪೋಲೀಸರು ಬರುವ ಹೊತ್ತಿಗೆ ಕಳ್ಳ ಸಜ್ಜನನಾಗಿ ಜಗುಲಿಯ ಮೇಲೆ ಕುಳಿತಿರುತ್ತಿದ್ದ. ಜನವರಿಯಲ್ಲಿ ದೀಪ ಹೊಸದೊಂದು ಚಾಳಿ ಕಲಿಯಿತು. ಎಂಜಿನ್ ಹೊರಡಿಸಿದೊಡನೆ ಒಂದು ನಿಮಿಷದಷ್ಟು ಮಿಟುಕಿ, ಆಮೇಲೆ ಹಗಲೆಲ್ಲ ಆರದೆ ಉರಿಯತೊಡಗಿತು. ಗ್ಯಾರೇಜಿನ ಹುಡುಗನೊಬ್ಬ ಉಪಾಯ ಹೇಳಿಕೊಟ್ಟ: “ಮೇಲೊಂದು ಕಪ್ಪು ಟೇಪು ಅಂಟಿಸಿಬಿಡಿ ಸಾರ್.” ಮೂವತ್ತೈದು ವರ್ಷ ಇತರರ ಲೆಕ್ಕದ ತಪ್ಪು ಹಿಡಿದವರು ತಮ್ಮ ಕಣ್ಣೆದುರಿನ ಸಾಕ್ಷಿಯ ಬಾಯಿಗೆ ತಾವೇ ಟೇಪು ಹಚ್ಚಿದರು.

ಮಾರ್ಚ್ ತಿಂಗಳಲ್ಲಿ ಮೈಸೂರಿನಲ್ಲಿ ಅವರ ತಂಗಿಯ ಮಗಳ ಮದುವೆ. ಹಿಂದಿನ ಆಸನದಲ್ಲಿ, ಬಲಗಡೆ ಕಿಟಕಿಗೆ ಒತ್ತಿಕೊಂಡು, ಆರು ವರ್ಷದ ಮೊಮ್ಮಗಳು. ಮದ್ದೂರಿನ ಹತ್ತಿರ ಹುಡುಗಿ, “ತಾತ, ನನ್ನ ಕೆಳಗೆ ಡುಬುಡುಬು ಅಂತಿದೆ” ಎಂದಳು. ರಸ್ತೆಯೇ ಹಾಗೆ ಎಂದರು ತಾತ. ಎರಡನೆಯ ಸಲ ಹೇಳಿದಾಗ ಸುಮ್ಮನಿರೆಂದು ಗದರಿಸಿದರು. ಮುಹೂರ್ತ ಮೀರುತ್ತಿತ್ತು, ಕಾರು ಗಂಟೆಗೆ ತೊಂಬತ್ತು ಕಿಲೋಮೀಟರಿನಲ್ಲಿ ಓಡುತ್ತಿತ್ತು. ಮುಂದಿನ ತಿರುವಿನಲ್ಲಿ ಬಂಡಿಯ ಹಿಂಭಾಗ ಒಮ್ಮೆ ಹೊರಕ್ಕೆ ತೂರಾಡಿತು. ಹೇಗೋ ನಿಭಾಯಿಸಿ ಪಕ್ಕಕ್ಕೆ ನಿಲ್ಲಿಸಿ ಇಳಿದರೆ, ಸುಟ್ಟ ರಬ್ಬರಿನ ವಾಸನೆ. ಬಲಗಡೆಯ ಹಿಂದಿನ ಟೈರು ಮೊಳೆಯೊಂದನ್ನು ನುಂಗಿ, ಗಾಳಿಯನ್ನೆಲ್ಲ ಕಳೆದುಕೊಂಡು, ಪಕ್ಕೆಗಳು ಅರೆದು ಪುಡಿಯಾಗಿದ್ದವು. ಅದರ ಮೇಲೆಯೇ ಮಗು ಕುಳಿತಿತ್ತು.

ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಒಳಗೆ ಬಾಗಿ ಟೇಪನ್ನು ಕಿತ್ತರು. ಅದರ ಕೆಳಗೆ ಹಂಡೆ ಉರಿಯುತ್ತಲೇ ಇತ್ತು. ಅಂದು ಅವರು ಮದುವೆಗೆ ತಲಪಿದ್ದು ಎರಡನೆಯ ಪಂಕ್ತಿಯ ಹೊತ್ತಿಗೆ.

ಊರಿಗೆ ಮರಳಿದ ಮೇಲೆ ಅವರು ಹೊಸ ಟೈರನ್ನೂ, ಸ್ವಂತಕ್ಕೊಂದು ಗೇಜನ್ನೂ, ಇನ್ನೂರು ಪುಟದ ಒಂದು ನೋಟುಬುಕ್ಕನ್ನೂ ಕೊಂಡರು. ತಪಾಸಣೆ ಪ್ರಾರಂಭವಾಯಿತು. ಇರಬೇಕಾದ ಗಾಳಿ ಎಷ್ಟೆಂಬುದು ಪೆಟ್ರೋಲ್ ತುಂಬುವ ಬಾಯಿಯ ಮುಚ್ಚಳದ ಒಳಮೈಯಲ್ಲಿ ಅಚ್ಚಾಗಿತ್ತು. ಬಂಕಿನ ಹುಡುಗರು ದಿನವೂ ನೋಡುವ, ಒಡೆಯನು ಎಂದೂ ನೋಡದ ಸ್ಥಳ ಅದು. ಹಿಂದಿನ ಟೈರುಗಳಿಗೆ ಚದರಂಗುಲಕ್ಕೆ 36 ಪೌಂಡು, ಅದೂ ಟೈರು ತಣ್ಣಗಿರುವಾಗ. ತಣ್ಣಗೆ ಎಂದರೆ ಕಾರು ಮೂರು ಗಂಟೆಯಾದರೂ ನಿಂತಿರಬೇಕು. ಓಡಿಬಂದ ಟೈರಿನೊಳಗಿನ ಗಾಳಿ ಬಿಸಿಯಾಗಿ ಮೂರು ನಾಲ್ಕು ಪೌಂಡು ಏರಿರುತ್ತದೆ; ವಾತಾವರಣದ ಉಷ್ಣ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಒಂದು ಪೌಂಡು ಇಳಿಯುತ್ತದೆ. ಇದಲ್ಲದೆ ಟೈರು ಎಷ್ಟೇ ಗಟ್ಟಿಯಾಗಿರಲಿ, ತಿಂಗಳಿಗೊಂದು ಪೌಂಡಿನಷ್ಟು ತಾನಾಗಿ ಸೋರುವುದುಂಟು. ನಡುಹಗಲಿನ ಬಿಸಿಯಲ್ಲಿ, ಊರೆಲ್ಲ ಸುತ್ತಿಬಂದು, ಬಂಕಿನಲ್ಲಿ 36 ತುಂಬಿಸಿಕೊಂಡ ಟೈರು ಎರಡು ತಿಂಗಳ ಅನಂತರ ಚಳಿಯ ಮುಂಜಾನೆ 29ಕ್ಕೆ ಕುಸಿದಿದ್ದರೆ ಸೋಜಿಗವೇನು? ಡಿಸೆಂಬರಿನ ದೀಪ ನಿಜವನ್ನೇ ಹೇಳಿತ್ತು! ಅಂಗಡಿಗೆ ಓಡುವ ನಾಲ್ಕು ಮೈಲಿಯೇ ಗಾಳಿಯನ್ನು ಬಿಸಿಮಾಡಿ ಅದನ್ನು ಸುಳ್ಳುಗಾರನನ್ನಾಗಿ ಮಾಡುತ್ತಿತ್ತು.

ಜನವರಿಯ ದೀಪದ ಕಥೆ ಬೇರೆ. ಅಮೆರಿಕದಲ್ಲಿ ಟೈರುಗಳು ಕಿತ್ತುಹೋಗಿ, ಕಾರುಗಳು ಮಗುಚಿ, ಬಹು ಮಂದಿ ಸತ್ತ ಮೇಲೆ 2000ದಲ್ಲಿ ಒಂದು ಕಾನೂನಾಯಿತು. ಅದರ ಫಲವಾಗಿ 2007ರ ಸೆಪ್ಟೆಂಬರಿನಿಂದ ಅಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಈ ದೀಪ ಕಡ್ಡಾಯ. ದೀಪವು ಎರಡು ಭಾಷೆಗಳನ್ನಾಡಬೇಕೆಂದು ಆ ನಿಯಮಗಳು ವಿಧಿಸಿದವು. ಹತ್ತಿ ಸ್ಥಿರವಾಗಿ ನಿಂತರೆ ಗಾಳಿ ಕಡಮೆ. ಒಂದು ಒಂದೂವರೆ ನಿಮಿಷ ಮಿಟುಕಿ ಆಮೇಲೆ ನಿಂತರೆ, ಟೈರಿನ ಸಮಾಚಾರ ಹೇಳುವ ವ್ಯವಸ್ಥೆಯೇ ಕೆಟ್ಟಿದೆ. ಆ ಮಿಟುಕಾಟವನ್ನು ಯಜಮಾನರು ಮುಪ್ಪಿನ ತೊದಲೆಂದು ತಿಳಿದಿದ್ದರು. ಅದು ಸ್ಫುಟವಾದ ವಾಕ್ಯವಾಗಿತ್ತು.

ಇಂಥ ಕಾರಿನಲ್ಲಿ ಪ್ರತಿಯೊಂದು ಚಕ್ರದೊಳಗೂ, ವಾಲ್ವಿನ ಬುಡದಲ್ಲಿ, ಪುಟ್ಟ ಸೆನ್ಸರ್ ಒಂದಿರುತ್ತದೆ. ಒತ್ತಡವನ್ನು ಅಳೆದು ರೇಡಿಯೋ ಅಲೆಗಳ ಮೂಲಕ ಕಾರಿಗೆ ತಿಳಿಸುವುದು ಅದರ ಉದ್ಯೋಗ. ಅದರ ಬ್ಯಾಟರಿ ಏಳರಿಂದ ಹತ್ತು ವರ್ಷ ಬಾಳಿದರೆ ದೀರ್ಘಾಯುಸ್ಸು. ಬ್ಯಾಟರಿಯನ್ನು ಅರಗಿನಂಥ ವಸ್ತುವಿನಲ್ಲಿ ಹೂತಿರುವುದರಿಂದ ಅದನ್ನು ಮಾತ್ರ ಬದಲಾಯಿಸುವಂತಿಲ್ಲ. ವಿದ್ಯೆ ಬಲ್ಲ ಮೆಕ್ಯಾನಿಕನೊಬ್ಬ ಕೈಯಲ್ಲಿ ಹಿಡಿಯುವ ಯಂತ್ರವೊಂದನ್ನು ವಾಲ್ವುಗಳ ಬಳಿಗೆ ಒಯ್ದು ನಾಲ್ಕು ಚಕ್ರಗಳನ್ನೂ ಹೆಸರಿಟ್ಟು ಕರೆದಂತೆ ಕರೆದ. ಮೂರು ಓಗೊಟ್ಟವು. ಎಡಗಡೆಯ ಮುಂದಿನದು ಉಸಿರೆತ್ತಲಿಲ್ಲ. ಹಾಗೆ ಒಂದು ಚಕ್ರದ ಮೌನಕ್ಕಾಗಿ ದೀಪ ಹಗಲೆಲ್ಲ ಉರಿಯುತ್ತಿದ್ದುದರಿಂದ, ಇನ್ನೊಂದು ಚಕ್ರಕ್ಕೆ ಮೊಳೆ ನಾಟಿದಾಗ ಹತ್ತುವುದಕ್ಕೆ ಬೇರೆ ದೀಪವೇ ಇರಲಿಲ್ಲ. ಟೇಪು ಇಲ್ಲದಿದ್ದರೂ ಅಂದು ಅವರಿಗೆ ತಿಳಿಯುತ್ತಿತ್ತೇ ಎಂಬುದು ಸಂಶಯವೇ. ಈ ವಾದವನ್ನು ಅವರು ಮಡದಿಯ ಮುಂದೆ ಒಮ್ಮೆ ಮಂಡಿಸಿದರು. “ಮಗು ಹೇಳಿತ್ತಲ್ಲ” ಎಂದರು ಆಕೆ. ವಾದ ಅಲ್ಲಿಗೆ ನಿಂತಿತು.

ಉಳಿದ ಮೂರಕ್ಕೂ ವಯಸ್ಸು ಒಂದೇ ಆದ್ದರಿಂದ ನಾಲ್ಕನ್ನೂ ಹೊಸದಾಗಿ ಹಾಕಿಸಿ, ಅವುಗಳ ಗುರುತನ್ನು ಕಾರಿಗೆ ಹೇಳಿಕೊಟ್ಟದ್ದಾಯಿತು. ಖರ್ಚೆಷ್ಟೆಂಬುದು ನೋಟುಬುಕ್ಕಿನಲ್ಲಿದೆ, ಆ ಪುಟವನ್ನು ಅವರು ಯಾರಿಗೂ ತೋರಿಸುವುದಿಲ್ಲ.

ಮರುವರ್ಷದ ಡಿಸೆಂಬರಿನಲ್ಲಿ ಹಂಡೆ ಮತ್ತೆ ಹತ್ತಿತು. ಮಿಟುಕಲಿಲ್ಲ; ಸ್ಥಿರವಾಗಿ ನಿಂತಿತು. ಕಾರು ಇನ್ನೂ ಗೇಟು ದಾಟಿರಲಿಲ್ಲ. ಯಜಮಾನರು ಶಾಲು ಹೊದ್ದು, ಗೇಜು ಹಿಡಿದು, ಮಂಜಿನಲ್ಲಿ ಚಕ್ರದ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತರು. ಮೊಮ್ಮಗಳು ನೋಟುಬುಕ್ಕನ್ನು ತೊಡೆಯ ಮೇಲೆ ತೆರೆದುಕೊಂಡು ಮೆಟ್ಟಿಲ ಮೇಲೆ ಸಿದ್ಧಳಾಗಿದ್ದಳು.

“ಬಲಗಡೆ ಹಿಂದಿನದು, ಇಪ್ಪತ್ತೆಂಟು” ಎಂದರು ತಾತ.

“ಸರಿಯಾಗಿ ನೋಡಿದಿರಾ ತಾತ?” ಎಂದಳು ಹುಡುಗಿ. ಅವರು ಮತ್ತೊಮ್ಮೆ ಗೇಜು ಹಚ್ಚಿದರು.