ಆವಿಗೆಯಿಂದ ಎಲುಬಿನವರೆಗೆ

ಬೆಳಗಾವಿಯಿಂದ ದಕ್ಷಿಣಾಭಿಮುಖವಾಗಿ ಸುಮಾರು 25 ಕಿಲೋಮೀಟರು ಸಾಗಿದರೆ ಮಲಪ್ರಭೆಯ ತಟದ ಖಾನಾಪುರ ಬರುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಹೊಳೆಯ ಈ ಸೀಮೆಯ ಜೇಡಿಮಣ್ಣು ಗಡಿಗೆಗೂ ಹೆಂಚಿಗೂ ಇಟ್ಟಿಗೆಗೂ ಹೆಸರುವಾಸಿಯಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆ ಸಂಸ್ಥೆ ಇದೇ ಊರಿನಲ್ಲಿ ನೆಲೆಗೊಂಡುದು ಆಕಸ್ಮಿಕವಲ್ಲ. ಇಲ್ಲಿಯ ಸಂತೆಯಲ್ಲಿ ಗಡಿಗೆ ಕೊಳ್ಳಲು ಬಂದ ತಾಯಿ ಬೆರಳಿನ ಗೆಣ್ಣಿನಿಂದ ಅದನ್ನೊಮ್ಮೆ ತಟ್ಟಿ ನೋಡದೆ ಹಣ ಕೊಡುವುದಿಲ್ಲ. ಖಣಿಲೆಂದರೆ ಆವಿಗೆಯಲ್ಲಿ ಹದವಾಗಿ ಬೆಂದಿದೆ. ದನಿ ಬಿದ್ದುಹೋದರೆ ಎಲ್ಲಿಯೋ ಕಣ್ಣಿಗೆ ಕಾಣದ ಬಿರುಕಿದೆ. ಕುಂಬಾರ ಗುಂಡಯ್ಯನ ಗಡಿಗೆಯ ನಾದಕ್ಕೆ ಶಿವನೇ ಕುಣಿದನೆಂಬ ಕಥೆಯನ್ನು ಕೇಳಿ ಬೆಳೆದ ನಾಡಿಗೆ ಈ ಪರೀಕ್ಷೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಆದರೆ ಬೆಂಕಿಯಲ್ಲಿ ಬೆಂದ ವಸ್ತುವನ್ನು ಅಡುಗೆಮನೆಯಲ್ಲಿಡದೆ ಮನುಷ್ಯನ ಎಲುಬಿನೊಳಗೆ ಇಡಬೇಕಾದಾಗ ಅದನ್ನು ತಟ್ಟಿ ನೋಡುವ ಬಗೆ ಯಾವುದು? ವೈದ್ಯವಿಜ್ಞಾನವನ್ನು ನೂರು ವರ್ಷಕ್ಕೂ ಮೀರಿ ಕಾಡಿದ ಪ್ರಶ್ನೆಯಿದು. ಇಂಗ್ಲಿಷಿನ ಸೆರಾಮಿಕ್ ಎಂಬ ಪದ ಕುಂಬಾರನ ಮಣ್ಣನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಬಂದುದಾದರೂ, ಎಲುಬಿಗೆ ಬಳಸುವ ಸೆರಾಮಿಕ್ ಹೊಳೆದಂಡೆಯ ಮಣ್ಣಲ್ಲ. ಎಲುಬಿನ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಖನಿಜಾಂಶ. ಕ್ಯಾಲ್ಸಿಯಮ್ಮು, ರಂಜಕಗಳು ಕೂಡಿದ ಆ ಖನಿಜಕ್ಕೆ ತೀರ ಹತ್ತಿರದ ಹೈಡ್ರಾಕ್ಸಿ ಅಪಟೈಟ್ ಎಂಬ ಪದಾರ್ಥವನ್ನು ಪ್ರಯೋಗಾಲಯದಲ್ಲಿ ಪುಡಿಯಾಗಿ ತಯಾರಿಸಿ, ಅಚ್ಚಿಗೆ ಹಾಕಿ, 1100ರಿಂದ 1250 ಡಿಗ್ರಿ ಸೆಲ್ಸಿಯಸ್ಸಿನ ಕುಲುಮೆಯಲ್ಲಿ ಸುಡುತ್ತಾರೆ. ಹಳ್ಳಿಯ ಆವಿಗೆಗೆ ಅಷ್ಟು ಕಾವು ಬೇಕಿಲ್ಲ. ಆದರೆ ಕಾವು ಕಡಿಮೆಯಾದರೆ ಸರಕು ಹಸಿಯಾಗಿ ಉಳಿಯುತ್ತದೆ, ಮಿತಿಮೀರಿದರೆ ಕೆಡುತ್ತದೆ ಎಂಬ ಕುಂಬಾರನ ಎಚ್ಚರ ಎರಡೂ ಕಡೆಗೆ ಒಂದೇ.

ಇಷ್ಟೆಲ್ಲ ಶ್ರಮವೇಕೆಂದು ಕೇಳುವವರು ಆಸ್ಪತ್ರೆಯ ಎಲುಬುರೋಗಿಗಳ ವಾರ್ಡನ್ನೊಮ್ಮೆ ನೋಡಬೇಕು. ಅಪಘಾತದಲ್ಲಿ ಎಲುಬಿನ ತುಂಡೇ ಕಳೆದುಹೋದಾಗ, ಗೆಡ್ಡೆಯನ್ನು ಕೆರೆದು ತೆಗೆದ ಮೇಲೆ ಎಲುಬಿನಲ್ಲಿ ಪೊಳ್ಳು ಉಳಿದಾಗ, ಆ ಖಾಲಿ ಜಾಗ ತಾನಾಗಿ ತುಂಬುವುದಿಲ್ಲ. ರೋಗಿಯ ಸೊಂಟದ ಎಲುಬಿನಿಂದಲೇ ಒಂದಿಷ್ಟು ಕೆತ್ತಿ ಅಲ್ಲಿ ತುಂಬುವುದು ಬಹುಕಾಲದಿಂದ ಬಂದ ಕ್ರಮ. ಇಂದಿಗೂ ಅದಕ್ಕೆ ಸರಿಗಟ್ಟುವುದು ದುರ್ಲಭ. ಆದರೆ ಒಂದು ಗಾಯವನ್ನು ಮಾಯಿಸಲು ಇನ್ನೊಂದು ಗಾಯ ಮಾಡಿದಂತಾಯಿತು. ಕಾಲು ಕೂಡಿಕೊಂಡ ಮೇಲೂ ಸೊಂಟದ ನೋವನ್ನು ಹೊತ್ತು ತಿರುಗುವವರುಂಟು. ಮಕ್ಕಳಲ್ಲಿಯಂತೂ ಕೆತ್ತಿ ತೆಗೆಯಲು ಎಲುಬೇ ಸಾಲದು.

1892ರಲ್ಲಿ ಡ್ರೀಸ್‌ಮನ್ ಎಂಬ ಜರ್ಮನ್ ಶಸ್ತ್ರವೈದ್ಯರು ಎಲುಬಿನ ಪೊಳ್ಳುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ ಪ್ರಯೋಗವನ್ನು ಪ್ರಕಟಿಸಿದರು. ಹೊಸ ಎಲುಬು ಬೆಳೆಯುವ ಮುನ್ನವೇ ಕರಗಿಹೋಗುವುದು ಆ ವಸ್ತುವಿನ ದೋಷ. 1920ರಲ್ಲಿ ಅಮೆರಿಕದ ಫ್ರೆಡ್ ಆಲ್ಬಿ ಕ್ಯಾಲ್ಸಿಯಮ್ ಫಾಸ್ಫೇಟನ್ನು ಮೊಲಗಳ ಎಲುಬಿನ ಸಂದಿನಲ್ಲಿಟ್ಟು ನೋಡಿದರು. ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಲ್ಯಾರಿ ಹೆಂಚ್ ಅವರ ಪ್ರಸಂಗ. ಗಾಜು ಮತ್ತು ಸೆರಾಮಿಕ್‌ಗಳ ತಜ್ಞರಾದ ಅವರಿಗೆ 1967ರಲ್ಲಿ ಬಸ್ಸಿನ ಪ್ರಯಾಣದಲ್ಲಿ ವಿಯೆಟ್ನಾಮಿನಿಂದ ಮರಳಿದ ಸೇನಾಧಿಕಾರಿಯೊಬ್ಬರು ಜೊತೆಯಾದರು. ದೇಹವು ಹೊರದೂಡದಂಥ ವಸ್ತುವೊಂದನ್ನು ನಿಮ್ಮಂಥವರು ಮಾಡಲಾರಿರಾ ಎಂದು ಅವರು ಕೇಳಿದರಂತೆ. 1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಹೆಂಚ್ ಅವರು ನೂರಕ್ಕೆ 45 ಪಾಲು ಸಿಲಿಕಾ ಇದ್ದ ಒಂದು ಗಾಜನ್ನು ಸಿದ್ಧಪಡಿಸಿ ಇಲಿಗಳ ತೊಡೆಯೆಲುಬಿನಲ್ಲಿ ಇರಿಸಲು ಕೊಟ್ಟರು. ಆರು ವಾರಗಳ ಮೇಲೆ ಶಸ್ತ್ರವೈದ್ಯರು ಆ ತುಣುಕನ್ನು ಕೀಳಲು ಹೋದರೆ ಅದು ಎಲುಬನ್ನು ಬಿಟ್ಟು ಬರಲೊಲ್ಲದು! ಮೊದಲ ಪರೀಕ್ಷೆ ಇಷ್ಟು ಸರಳವಾದುದು: ಹಿಡಿದು ಎಳೆಯುವುದು.

ಪರೀಕ್ಷೆಯೆಂಬ ಶಬ್ದದ ವ್ಯುತ್ಪತ್ತಿಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. 'ಪರಿ' ಎಂದರೆ ಸುತ್ತಲೂ, 'ಈಕ್ಷಾ' ಎಂದರೆ ನೋಡುವಿಕೆ. ಶಾಲೆಗಳಲ್ಲಿ ಮೂರು ತಾಸಿನ ಪ್ರಶ್ನಪತ್ರಿಕೆಗೆ ಇಳಿದುಹೋಗಿರುವ ಈ ಶಬ್ದಕ್ಕೆ ಪ್ರಯೋಗಾಲಯದಲ್ಲಿ ಇನ್ನೂ ಮೂಲಾರ್ಥವೇ ಉಳಿದಿದೆ. ಮೊದಲು ಭಾರ ಹೇರಿ ಒಡೆದು ನೋಡುತ್ತಾರೆ. ಒತ್ತಡವನ್ನು ತಾಳುವ ಈ ವಸ್ತು ಬಾಗಿಸಿದರೆ ಗಡಿಗೆಯಂತೆಯೇ ಟಳ್ಳನೆ ಮುರಿಯುತ್ತದೆ. ಆದುದರಿಂದ ಮೈಭಾರ ಹೊರುವ ಎಲುಬಿನಲ್ಲಿ ಲೋಹದ ಪಟ್ಟಿಯ ಆಸರೆಯಿಲ್ಲದೆ ಇದನ್ನು ನಂಬುವಂತಿಲ್ಲ. ರಕ್ತನಾಳಗಳೂ ಜೀವಕೋಶಗಳೂ ಒಳನುಗ್ಗಲು ರಂಧ್ರಗಳು ಬೇಕು. ರಂಧ್ರ ಹೆಚ್ಚಿದಂತೆ ಬಲ ಕುಗ್ಗುತ್ತದೆ. ಈ ಹಗ್ಗಜಗ್ಗಾಟ ಇಂದಿಗೂ ಮುಗಿದಿಲ್ಲ.

ಆ ಬಳಿಕ ದ್ರವಪರೀಕ್ಷೆ. ಕ್ಯೋಟೋ ವಿಶ್ವವಿದ್ಯಾಲಯದ ತದಾಶಿ ಕೊಕುಬೊ ಅವರು ರಕ್ತದ ದ್ರವಭಾಗದ ಲವಣಗಳನ್ನು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಬೆರೆಸಿದ ಕೃತಕ ದ್ರವವನ್ನು 1990ರಲ್ಲಿ ಮುಂದಿಟ್ಟರು. 36.5 ಡಿಗ್ರಿಯ ಆ ದ್ರವದಲ್ಲಿ ಕೆಲವು ವಾರ ನೆನೆದ ವಸ್ತುವಿನ ಮೇಲೆ ಎಲುಬಿನ ಖನಿಜದ ತೆಳುಪದರ ಕಟ್ಟಿದರೆ ಅದು ಎಲುಬಿಗೆ ಅಂಟೀತೆಂಬ ಊಹೆ. ಪ್ರಾಣಿಗಳ ಪ್ರಾಣ ಎಷ್ಟೋ ಉಳಿದೀತೆಂದು ಜಗತ್ತು ಇದನ್ನು ಆದರದಿಂದ ಸ್ವೀಕರಿಸಿತು. ಆದರೆ ಟ್ರೈಕ್ಯಾಲ್ಸಿಯಮ್ ಫಾಸ್ಫೇಟಿನ ಒಂದು ಪ್ರಭೇದ ಈ ದ್ರವದಲ್ಲಿ ಅನೇಕ ಸಲ ಪದರವನ್ನೇ ಕಟ್ಟದೆಯೂ ದೇಹದಲ್ಲಿ ಎಲುಬಿನೊಡನೆ ಚೆನ್ನಾಗಿ ಬೆಸೆದುಕೊಳ್ಳುತ್ತದೆಯೆಂದು ತಿಳಿದುಬಂತು. ಒಂದೇ ಓಲೆಗರಿಯ ಪ್ರತಿಯನ್ನು ನಂಬಿ ಗ್ರಂಥಸಂಪಾದನೆಗೆ ಹೊರಟ ಪಂಡಿತನ ಪಾಡು ಏನಾಗುವುದೋ, ಒಂದೇ ಪರೀಕ್ಷೆಯನ್ನು ನಂಬಿದ ವಿಜ್ಞಾನಿಯ ಪಾಡೂ ಅದೇ.

ಹೀಗಾಗಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಪ್ರಯೋಗಿಸಿದ ತರುವಾಯವೂ ಪ್ರಾಣಿಗಳ ಮೊರೆಹೋಗುವುದು ತಪ್ಪಿಲ್ಲ. ಇಲಿಯ ತಲೆಬುರುಡೆಯಲ್ಲಿ 8 ಮಿಲಿಮೀಟರಿನ ರಂಧ್ರ ಕೊರೆಯುವುದು ರೂಢಿಯಲ್ಲಿರುವ ಒಂದು ವಿಧಾನ. ಅಷ್ಟು ಅಗಲದ ರಂಧ್ರ ಸಾಮಾನ್ಯವಾಗಿ ತಾನಾಗಿ ಮುಚ್ಚುವುದಿಲ್ಲ. ಕೆಲವು ಇಲಿಗಳ ರಂಧ್ರಕ್ಕೆ ಸೆರಾಮಿಕ್ ತುಂಬುತ್ತಾರೆ. ಕೆಲವನ್ನು ಬೇಕೆಂದೇ ಬರಿದಾಗಿ ಬಿಡುತ್ತಾರೆ. ನೋಡುವವರಿಗೆ ಇದು ನಿಷ್ಕಾರುಣ್ಯವೆನಿಸೀತು. ಆದರೆ ಆ ಬರಿದಾದ ರಂಧ್ರವೇ ಇಡೀ ಪರೀಕ್ಷೆಯ ಸಾಕ್ಷಿ. ಅದಿಲ್ಲವಾದರೆ ಬೆಳೆದ ಎಲುಬು ಔಷಧಿಯ ಗುಣವೋ ಪ್ರಕೃತಿಯ ಕೃಪೆಯೋ ಹೇಳುವವರಾರು? ಸೆರಾಮಿಕ್ ತುಂಬಿದ ರಂಧ್ರಗಳ ಚಿತ್ರವನ್ನಷ್ಟೇ ತೋರಿಸಿ ಬರಿದಾದುದರ ಲೆಕ್ಕ ಕೊಡದ ವರದಿ ಎಷ್ಟೇ ಅಂದವಾಗಿ ಅಚ್ಚಾಗಿದ್ದರೂ ಅದಕ್ಕೆ ಬೆಲೆಯಿಲ್ಲ. ಆ ಮೂಕಜೀವಿಗಳು ವ್ಯರ್ಥವಾಗಿ ನೊಂದಂತೆಯೇ ಸರಿ. ಇಷ್ಟಾದರೂ ಇಲಿ ಮೊಲಗಳ ಎಲುಬು ಮನುಷ್ಯನದಕ್ಕಿಂತ ಬೇಗ ಕೂಡುವುದರಿಂದ ಅಲ್ಲಿ ಗೆದ್ದುದೆಲ್ಲ ಇಲ್ಲಿ ಗೆಲ್ಲುವುದೆಂದು ಹೇಳಬರುವುದಿಲ್ಲ.

ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ, ಕೊಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಗಳು ಈ ಕ್ಷೇತ್ರದಲ್ಲಿ ದುಡಿದಿವೆ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1963ರಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆದ ಮೇಲೆ ಖಾನಾಪುರದ ಕಾಡಂಚಿನ ಹಳ್ಳಿಯವರಿಗೂ ದೊಡ್ಡ ಚಿಕಿತ್ಸೆ ಹತ್ತಿರವಾಯಿತು. ಹೆಂಚು ಹೊರುವವನ, ಗದ್ದೆಯಲ್ಲಿ ನಾಟಿ ಮಾಡುವವಳ ಕಾಲಿನಲ್ಲಿ ಇಂಥ ಬಿಳಿಯ ಹರಳುಗಳನ್ನು ತುಂಬುವ ದಿನ, ಹಿಂದಿನ ಎಲ್ಲ ಪರೀಕ್ಷೆಗಳ ಸತ್ಯಾಸತ್ಯಗಳನ್ನು ಹೊರುವವರು ಅವರೇ.

ಅವರು ಕೆಲವು ತಿಂಗಳ ಮೇಲೆ ಮತ್ತೆ ಬಂದಾಗ ವೈದ್ಯರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಹೈಡ್ರಾಕ್ಸಿ ಅಪಟೈಟಿನ ಹರಳುಗಳಾದರೆ ವರ್ಷಗಳು ಕಳೆದರೂ ಬೆಳ್ಳಗೆ ಎದ್ದು ಕಾಣುತ್ತಿರುತ್ತವೆ. ಬೇಗ ಕರಗುವ ಟ್ರೈಕ್ಯಾಲ್ಸಿಯಮ್ ಫಾಸ್ಫೇಟ್ ಆಗಿದ್ದರೆ ಹರಳುಗಳ ಅಂಚು ಮಸುಕಾಗುತ್ತ ಬರುತ್ತದೆ. ಹರಳು ಎಲ್ಲಿ ಮುಗಿಯಿತು, ಎಲುಬು ಎಲ್ಲಿ ಮೊದಲಾಯಿತು ಎಂಬುದನ್ನು ವೈದ್ಯರು ಕಣ್ಣು ಕಿರಿದುಮಾಡಿ ಹುಡುಕುತ್ತಾರೆ.