ಕಂಡ ಅವಸ್ಥೆಯಲ್ಲಿ

ದೆಹಲಿಯಲ್ಲಿ ಮುದುಕಾದ ಕಾರು ಮಲಬಾರಿಗೆ ಬಂದು ಹರೆಯಕ್ಕೆ ತಿರುಗುತ್ತದೆ. ನಾನು ಕಟ್ಟಿದ ಮಾತಲ್ಲ ಇದು, ಕಾನೂನಿನಿಂದಲೇ ಆದದ್ದು. ಹತ್ತು ವರ್ಷ ತುಂಬಿದ ಡೀಸೆಲ್ ವಾಹನ ರಾಜಧಾನಿಯಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಮೇಲೆ ಅಲ್ಲಿಯ ಸಿರಿವಂತರ ಡೀಸೆಲ್ ಕಾರುಗಳು ಎಂಟು ಒಂಬತ್ತು ವರ್ಷವಾಗುವಾಗಲೇ ದಕ್ಷಿಣದ ದಾರಿ ಹಿಡಿದುವು. ಕಲ್ಲಿಕೋಟೆಯ ಆಸುಪಾಸಿನಲ್ಲಿ ಹೆದ್ದಾರಿಯ ಬದಿಗೆ ಗಾಜಿನ ಗೋಡೆಯ ಹಿಂದೆ ಮಿರಿಮಿರಿ ಮಿಂಚುತ್ತ ನಿಂತಿರುವ ಔಡಿ, ಬಿಎಂಡಬ್ಲ್ಯು, ರೇಂಜ್ ರೋವರುಗಳನ್ನು ನೀವೂ ನೋಡಿರಬಹುದು. ಹೊಸದಿದ್ದಾಗ ಕೋಟಿ ಬಾಳಿದ್ದು ಈಗ ಹದಿನೈದು ಇಪ್ಪತ್ತು ಲಕ್ಷಕ್ಕೆ ಸಿಗುತ್ತದೆ. ನಮ್ಮಲ್ಲಿ ಅಷ್ಟು ಹಣಕ್ಕೆ ಹೊಸ ಮಾಮೂಲು ಕಾರೊಂದು ಬರುತ್ತದೆ, ಅಷ್ಟೆ.

ಬೆಲೆ ಇಳಿದಿರುತ್ತದೆ, ಖರ್ಚು ಇಳಿದಿರುವುದಿಲ್ಲ. ಕೋಟಿಯ ಕಾರಿನ ಬ್ರೇಕು ಕೋಟಿಯ ಕಾರಿನ ಬ್ರೇಕೇ. ಅದು ತನ್ನ ಯಜಮಾನ ಈಗ ಯಾರು ಎಂದು ಕೇಳುವುದಿಲ್ಲ. ಈ ಲೆಕ್ಕವನ್ನು ನಾನು ಬ್ಯಾಂಕಿನ ಮೇಜಿನ ಆಚೆ ಕುಳಿತ ಎಷ್ಟೋ ಹುಡುಗರಿಗೆ ಹೇಳಿದ್ದುಂಟು. 2023ರಲ್ಲಿ ಅದನ್ನು ನನ್ನ ಅಕ್ಕನ ಗಂಡನಿಗೇ ಹೇಳಬೇಕಾಗಿ ಬಂತು.

ಭಾವ ಅಬುಧಾಬಿಯಲ್ಲಿ ಇಪ್ಪತ್ತೆರಡು ವರ್ಷ ಡ್ರೈವರ್ ಆಗಿದ್ದವರು. ಅದರಲ್ಲಿ ಒಂಬತ್ತು ವರ್ಷ ಒಂದೇ ಮನೆಯಲ್ಲಿ, ಒಂದೇ ಕಾರು. ಪೋರ್ಶೆ ಕಯೆನ್. ಪೋರ್ಶೆಯವರು ಓಟದ ಕಾರಿನ ಹೆಸರು ಪಡೆದವರು. ಅವರು 2002ರಲ್ಲಿ ಐದು ಬಾಗಿಲಿನ, ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಎರಡು ಟನ್ನು ತೂಗುವ ಈ ಗಾಡಿಯನ್ನು ಹೊರತಂದಾಗ ಅವರ ಹಳೆಯ ಅಭಿಮಾನಿಗಳೇ ಮೂಗು ಮುರಿದರು. ಅದು ಮಾರಾಟವಾದ ರೀತಿ ನೋಡಿ ಆಮೇಲೆ ಸುಮ್ಮನಾದರು. ಅಬುಧಾಬಿಯ ಯಜಮಾನರ ಮಕ್ಕಳನ್ನು ಶಾಲೆಗೆ, ಅವರ ತಾಯಿಯನ್ನು ಆಸ್ಪತ್ರೆಗೆ, ಅವರನ್ನು ವಿಮಾನ ನಿಲ್ದಾಣಕ್ಕೆ ಭಾವ ಅದರಲ್ಲಿ ಕರೆದೊಯ್ಯುತ್ತಿದ್ದರು. ರಜೆಯಲ್ಲಿ ಊರಿಗೆ ಬಂದಾಗ ಅದರ ಬಗ್ಗೆ ಹೇಳುವುದು ಕೇಳಿದರೆ ಮನೆಯ ಹಸುವಿನ ಬಗ್ಗೆ ಹೇಳಿದಂತಿರುತ್ತಿತ್ತು: ಅದಕ್ಕೆ ಏನು ಆಗುತ್ತದೆ, ಏನು ಆಗುವುದಿಲ್ಲ, ಬಿಸಿಲಿಗೆ ನಿಂತರೆ ಹೇಗೆ ಉಸಿರುಬಿಡುತ್ತದೆ ಎಂಬುದು.

ಅವರು ಕೆಲಸ ಬಿಟ್ಟು ಬಂದಾಗ ಮನೆಯ ಸಾಲ ತೀರಿ, ಅಡಿಕೆ ತೋಟಕ್ಕೆ ಕೊಳವೆಬಾವಿ ಹೊಡೆಸಿ, ಕೈಯಲ್ಲಿ ಏಳು ಲಕ್ಷ ಉಳಿದಿತ್ತು. ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಳು. ಮದುವೆಯ ಮಾತು ಇನ್ನೂ ಬಂದಿರಲಿಲ್ಲ. ಒಂದು ಸಂಜೆ ನನ್ನನ್ನು ಅಂಗಳದ ಆಚೆ ಕರೆದು, “ಭಾವಾ, ಹದಿನಾರಕ್ಕೆ ಒಂದು ಕಯೆನ್ ಉಂಟು, ಕಲ್ಲಿಕೋಟೆಯಲ್ಲಿ. ಅಕ್ಕನ ಚಿನ್ನ ಮಾರಿದರೆ ಆಗ್ತದೆ. ಅವಳು ಹೂಂ ಅಂದಿದ್ದಾಳೆ,” ಎಂದರು.

ಅಕ್ಕ ಹೂಂ ಅಂದದ್ದು ನಿಜವೇ ಆಗಿತ್ತು. ಒಳಗೆ ಹೋಗಿ ಕೇಳಿದೆ. ಅವಳು ಪಾತ್ರೆ ತೊಳೆಯುತ್ತಾ, ತಿರುಗದೆಯೇ, “ಇಪ್ಪತ್ತೆರಡು ವರ್ಷದಲ್ಲಿ ಅವರು ತನಗೆ ಅಂತ ಏನು ಕೇಳಿದ್ದಾರೆ ಹೇಳು ನೋಡುವಾ,” ಎಂದಳು. ನನ್ನ ಬಳಿ ಬಡ್ಡಿಯ ದರಕ್ಕೆ ಉತ್ತರ ಉಂಟು, ಇಂಥದಕ್ಕೆ ಇಲ್ಲ. ಮಾರುವುದು ಬೇಡ, ಅಡವಿಡುವಾ, ಕಾರನ್ನು ನಾನೂ ಬಂದು ನೋಡುತ್ತೇನೆ ಎಂದಷ್ಟೇ ಹೇಳಿದೆ.

ಚಿನ್ನದ ಸಾಲದ ಅರ್ಜಿಯಲ್ಲಿ ‘ಉದ್ದೇಶ’ ಎಂಬ ಅಂಕಣವಿದೆ. ಕೃಷಿ, ಮದುವೆ, ಚಿಕಿತ್ಸೆ, ಮನೆ ರಿಪೇರಿ, ಮಕ್ಕಳ ಓದು. ಐದಾರು ಪದಗಳಲ್ಲಿ ನಮ್ಮ ಗ್ರಾಮಗಳ ಕಷ್ಟಸುಖವೆಲ್ಲ ಮುಗಿದುಹೋಗುತ್ತದೆ. ಸಂಬಂಧಿಕರ ಕಾಗದವನ್ನು ನಾನು ಮುಟ್ಟುವಂತಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಮಲಯಾಳದಲ್ಲಿ ಕೇಳಿದರು, ಅಕ್ಕ ನನ್ನ ಮುಖ ನೋಡಿದಳು. ‘ವಾಹನ’ ಎಂದೆ. ಯಾವ ವಾಹನವೆಂದು ಅವರು ಕೇಳದಿದ್ದುದು ನಮ್ಮ ಪುಣ್ಯ. ಅಕ್ಕ ಓದಿದ್ದು ಕನ್ನಡ ಶಾಲೆಯಲ್ಲಿ, ಅರ್ಜಿ ಇದ್ದದ್ದು ಇಂಗ್ಲಿಷಿನಲ್ಲೂ ಮಲಯಾಳದಲ್ಲೂ. ಷರತ್ತುಗಳನ್ನು ನಾನು ಒಂದೊಂದಾಗಿ ಕನ್ನಡ ಮಾಡಿ ಹೇಳಿದೆ. ಅವಳು ಕೇಳಿ, ಕನ್ನಡದಲ್ಲಿ ಸಹಿ ಹಾಕಿದಳು. ಆಗ ಪವನಿಗೆ ನಲವತ್ತೈದು ಸಾವಿರದ ಆಸುಪಾಸು. ನೂರಕ್ಕೆ ಎಪ್ಪತ್ತೈದರವರೆಗೆ ಕೊಡಬಹುದಿತ್ತು. ಮೂವತ್ತು ಪವನಿಗೆ ಹತ್ತು ಲಕ್ಷ ಬರುತ್ತಿತ್ತು. ಒಂಬತ್ತೇ ಸಾಕೆಂದು ತೆಗೆದೆವು. ಕಾರು ಸರಿಯಿಲ್ಲದಿದ್ದರೆ ಹಾಗೆಯೇ ಹಿಂದೆ ಕಟ್ಟುವುದೆಂದು ಮಾತಾಯಿತು.

ಮರುದಿನ ಬೆಳಗಿನ ರೈಲಿನಲ್ಲಿ ಹೊರಟೆವು. ದಾರಿಯಲ್ಲಿ ಭಾವ ಹೇಳಿದ್ದನ್ನೆಲ್ಲ ಬರೆದರೆ ಈ ಸಂಚಿಕೆ ಸಾಲದು. ಮೊದಲ ತಲೆಮಾರಿನ, ಎಂಟು ಸಿಲಿಂಡರಿನ ಪೆಟ್ರೋಲ್ ಕಯೆನ್ ಇನ್ನೂ ಅಗ್ಗಕ್ಕೆ ಸಿಗುತ್ತದಂತೆ, ಆದರೆ ಬೇಡ. ಅದರ ಇಂಜಿನಿನ ನಡುವಿನ ತಗ್ಗಿನಲ್ಲಿ ನೀರು ಹರಿಯುವ ಕೊಳವೆಗಳು ಪ್ಲಾಸ್ಟಿಕಿನವು. ಬಿಸಿ ತಿಂದು ತಿಂದು ಬಿರಿಯುತ್ತವೆ, ತೆಗೆದು ಅಲ್ಯೂಮಿನಿಯಂನದು ಹಾಕಬೇಕು. ನಾವು ನೋಡಲು ಹೊರಟದ್ದು 2012ರದು, ಎರಡನೆಯ ತಲೆಮಾರು, ಮೂರು ಲೀಟರಿನ ಆರು ಸಿಲಿಂಡರಿನ ಡೀಸೆಲ್. ಪೋರ್ಶೆಯವರು 2018ರಲ್ಲಿ ಡೀಸೆಲ್ಲಿಗೇ ವಿದಾಯ ಹೇಳಿದರು. ಆದರೆ ಈ ಇಂಜಿನ್ ಮೂಲದಲ್ಲಿ ಔಡಿಯದು. ಔಡಿ ಕ್ಯೂ7ಗೂ ಫೋಕ್ಸ್‌ವ್ಯಾಗನ್ ಟೂರೆಗ್‌ಗೂ ಇದೇ ವಂಶ. ಹಾಗಾಗಿ ಎಷ್ಟೋ ಬಿಡಿಭಾಗಗಳನ್ನು ಆ ಹೆಸರಿನಲ್ಲಿ ಕೇಳಿದರೆ ಕಡಿಮೆಗೆ ಸಿಗುತ್ತವೆ. ಕಂಪೆನಿಯ ವರ್ಕ್‌ಶಾಪು ಕೊಚ್ಚಿಯಲ್ಲಿ. ಆದರೆ ಮಂಗಳೂರಿನಲ್ಲಿ ಔಡಿ ಬಲ್ಲ ಮೆಕ್ಯಾನಿಕನೊಬ್ಬ ಭಾವನಿಗೆ ಆಗಲೇ ಗುರುತಾಗಿದ್ದ.

ಅಂಗಡಿಯವರಿಗೆ ಭಾವ ಹಿಂದಿನ ದಿನವೇ ಫೋನು ಮಾಡಿ, ನಾವು ಬರುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಹೇಳಿದ್ದರು. ಹೋದವರೇ ಮಾತಾಡದೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಆ ಇಂಜಿನಿನ ಟೈಮಿಂಗ್ ಚೈನು ಇರುವುದು ಹಿಂಬದಿಗೆ, ಗೇರ್ ಬಾಕ್ಸಿನ ಕಡೆಗೆ. ಅದು ಸಡಿಲಾದರೆ ಇಡೀ ಇಂಜಿನನ್ನೇ ಕೆಳಗಿಳಿಸಬೇಕು. ತಣ್ಣಗಿನ ಇಂಜಿನ್ ಎಬ್ಬಿಸಿದಾಗ ಮೊದಲ ಎರಡು ಸೆಕೆಂಡಿನಲ್ಲಿ ಗಲಗಲ ಕೇಳಿದರೆ ಹಿಂದಿರುಗಿ ನೋಡದೆ ಬರಬೇಕು. ಭಾವ ಕಣ್ಣು ಮುಚ್ಚಿ ನಿಂತರು. ವೈದ್ಯರು ಎದೆಯ ಮೇಲೆ ಕೊಳವೆ ಇಟ್ಟು ಕೇಳುವಾಗ ಮನೆಯವರು ಸುಮ್ಮನಿರುವ ಹಾಗೆ ನಾನೂ, ಅಂಗಡಿಯ ಹುಡುಗನೂ ಸುಮ್ಮನಿದ್ದೆವು. ಸದ್ದು ಇರಲಿಲ್ಲ. ಗಾಳಿಯ ಸಸ್ಪೆನ್ಶನನ್ನು ಪೂರ್ತಿ ಮೇಲೆತ್ತಿಸಿ, ನಾಲ್ಕು ಮೂಲೆಗೂ ಬೆರಳಿನಿಂದ ಅಳತೆ ತೆಗೆದು, ಚಾ ಕುಡಿಯಲು ಹೋದೆವು. ಮುಕ್ಕಾಲು ಗಂಟೆ ಕಳೆದು ಬಂದು ನೋಡಿದಾಗ ಅಳತೆ ಹಾಗೆಯೇ ಇತ್ತು. ಟಯರಿನ ಬದಿಯಲ್ಲಿ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ ಎಂದು ನನಗೆ ಗೊತ್ತಾದದ್ದು ಅವತ್ತು. 2316 ಎಂದಿತ್ತು: 2016ರ ಇಪ್ಪತ್ತಮೂರನೆಯ ವಾರ. ಚೆಕ್ಕಾಗಿದ್ದರೆ ಎಂದೋ ಅವಧಿ ಮುಗಿದದ್ದು.

ಮೀಟರು ಎಂಬತ್ತಾರು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಭಾವ ಬ್ರೇಕ್ ಪೆಡಲಿನ ರಬ್ಬರನ್ನೂ ಸ್ಟಿಯರಿಂಗ್ ತೊಗಲಿನ ಸವೆತವನ್ನೂ ನೋಡಿ, “ಇದು ಲಕ್ಷ ದಾಟಿದೆ” ಎಂದರು, ಕನ್ನಡದಲ್ಲಿ. ನಾನು ಆಗ ಕಾಗದಗಳ ಕಟ್ಟಿನಲ್ಲಿದ್ದೆ. ಅದರೊಳಗೆ ದೆಹಲಿಯ 2019ರ ಸರ್ವೀಸಿನ ಬಿಲ್ಲೊಂದು ಮಡಚಿ ಕುಳಿತಿತ್ತು. ಅದರಲ್ಲಿ ಒಂದು ಲಕ್ಷದ ನಾಲ್ಕು ಸಾವಿರ. ನಾನು ಅದನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಅಂಗಡಿಯವರು ಬೆವರೊರೆಸಿ, ಹಿಂದಿನವರು ಮಾಡಿದ್ದಿರಬಹುದು ಎಂದರು. ಇರಬಹುದು. ಬೆಲೆ ಅಲ್ಲಿಯೇ ಒಂದು ಲಕ್ಷ ಇಳಿಯಿತು.

ಅದಕ್ಕಿಂತ ನನ್ನನ್ನು ತಡೆದದ್ದು ಬೇರೆ. ಆರ್.ಸಿ.ಯಲ್ಲಿ ಒಂದು ಹಣಕಾಸು ಸಂಸ್ಥೆಯ ಹೆಸರು ಹಾಗೆಯೇ ನಿಂತಿತ್ತು. ಸಾಲ ತೀರಿದೆ, ಕಾಗದವೊಂದು ಬಾಕಿ ಅಷ್ಟೆ ಎಂದರು. ಬ್ಯಾಂಕಿನವನಿಗೆ ಆ ‘ಅಷ್ಟೆ’ ಎಂಬ ಮಾತಿನಷ್ಟು ಭಯದ ಮಾತು ಇನ್ನೊಂದಿಲ್ಲ. ಸಂಸ್ಥೆಯವರು ಸಹಿ ಹಾಕಿದ ಫಾರಂ 35ರ ಎರಡು ಪ್ರತಿ ಮತ್ತು ಬಾಕಿಯಿಲ್ಲವೆಂಬ ಪತ್ರ ಬಾರದೆ ಆ ಹೆಸರು ಅಳಿಯುವುದಿಲ್ಲ, ಅಳಿಯದೆ ಗಾಡಿ ನಮ್ಮ ಹೆಸರಿಗೆ ಬರುವುದಿಲ್ಲ. ಕಾಗದದಲ್ಲಿ ಹುಳುಕಿರುವ ದೊಡ್ಡ ಕಾರುಗಳು ಕೇರಳಕ್ಕೆ ಹೊಸದಲ್ಲ. ತೆರಿಗೆ ಉಳಿಸಲು ಪುದುಚೇರಿಯಲ್ಲಿ ನೋಂದಾಯಿಸಿದ ಕಾರುಗಳ ಗದ್ದಲ 2017ರಲ್ಲಿ ಆಯಿತು. ಭೂತಾನಿನ ಕಡೆಯಿಂದ ಬಂದ ಹಳೆಯ ಗಾಡಿಗಳನ್ನು ಕಸ್ಟಮ್ಸಿನವರು 2025ರ ಸೆಪ್ಟೆಂಬರಿನಲ್ಲಿ ಊರೂರು ಹುಡುಕಿ ಹಿಡಿದರು. ಅಂಥ ಗಾಡಿ ಕೊಂಡವನಿಗೆ ಕಾರೂ ಇಲ್ಲ, ಹಣವೂ ಇಲ್ಲ.

ಅವರು ತಂದಿಟ್ಟ ಕರಾರು ಪತ್ರ ಮಲಯಾಳದಲ್ಲಿತ್ತು. ಭಾವ ಮಲಯಾಳ ನೀರು ಕುಡಿದಂತೆ ಆಡುತ್ತಾರೆ, ಓದಲಾರರು. ದಾರಿಬದಿಯ ಅರಬಿ ಫಲಕ ಓದುತ್ತಾರೆ, ಕಲ್ಲಿಕೋಟೆಯ ಫಲಕ ಓದಲು ಪಕ್ಕದಲ್ಲಿ ನಾನು ಬೇಕು. ನಮ್ಮಲ್ಲಿ ಇಂಥವರು ಮನೆಗೊಬ್ಬರಾದರೂ ಇದ್ದಾರೆ. ನಾನು ಓದುತ್ತ ಹೋದೆ. ಒಂದು ಸಾಲಿನಲ್ಲಿ ವಾಹನವನ್ನು ‘ಕಂಡ ಅವಸ್ಥಯಿಲ್’ ಸ್ವೀಕರಿಸಲಾಗಿದೆ ಎಂದಿತ್ತು. ಮಲಯಾಳದ ಕಾಗದದಲ್ಲಿ ಅದರ ಅರ್ಥ ಇಷ್ಟೆ: ಹೇಗಿದೆಯೋ ಹಾಗೆ, ಆಮೇಲೆ ದೂರು ಇಲ್ಲ. ಭಾವ ನಕ್ಕುಬಿಟ್ಟರು. “ಅವಸ್ಥೆ ಅಂತಲೇ ಬರೆದಿದ್ದಾರಾ? ಸತ್ಯ ಬರೆದಿದ್ದಾರೆ ಮಾರಾಯಾ!” ನಮ್ಮ ಕಡೆ ‘ಎಂತ ಅವಸ್ಥೆ’ ಎಂದು ಯಾರು ಯಾವಾಗ ಹೇಳುತ್ತಾರೆಂದು ನಿಮಗೆ ನಾನು ವಿವರಿಸಬೇಕಿಲ್ಲ. ಆ ಸಾಲಿನ ಕೆಳಗೆ ನಾನು ಮಲಯಾಳದಲ್ಲಿಯೇ ಎರಡು ಸಾಲು ಸೇರಿಸಿದೆ: ಈಗ ಕೊಡುವುದು ಇಪ್ಪತ್ತೈದು ಸಾವಿರ ಮುಂಗಡ ಮಾತ್ರ, ಸಂಸ್ಥೆಯ ಕಾಗದ ತಿಂಗಳೊಳಗೆ ಬಾರದಿದ್ದರೆ ಅದು ಹಿಂದಕ್ಕೆ. ಅವರಿಗೆ ಇಷ್ಟವಾಗಲಿಲ್ಲ, ಆದರೆ ಸಹಿ ಹಾಕಿದರು.

ಹೊರಡುವ ಮೊದಲು ಓಡಿಸಿ ನೋಡುವುದೊಂದು ಬಾಕಿ ಇತ್ತು. ಭಾವ ಬೈಪಾಸಿನಲ್ಲಿ ಓಡಿಸಿದ್ದನ್ನು ವರ್ಣಿಸುವ ಶಕ್ತಿ ನನಗಿಲ್ಲ. ನಾನು ಹಿಡಿಕೆ ಹಿಡಿದು ಕುಳಿತಿದ್ದೆ. ಹಿಂದೆ ಬರುವಾಗ ಅವರು ಬದಿಗೆ ನಿಲ್ಲಿಸಿ ಕೆಳಗಿಳಿದರು. ಅಂಗಡಿಯ ಹುಡುಗನಿಗೆ ಸ್ಟಿಯರಿಂಗ್ ಕೊಟ್ಟು, ತಾವು ಹಿಂದಿನ ಬಾಗಿಲು ತೆರೆದು ಎಡಬದಿಗೆ ಕುಳಿತರು. ಎರಡು ಮೂರು ಕಿಲೋಮೀಟರ್ ಮಾತಿಲ್ಲ. ಸೀಟಿನ ತೊಗಲನ್ನು ಒಮ್ಮೆ ಸವರಿದರು. “ಒಂಬತ್ತು ವರ್ಷ,” ಎಂದರು ಕೊನೆಗೆ, “ಇಲ್ಲಿಂದ ರಸ್ತೆ ಹೇಗೆ ಕಾಣ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು.” ನಾನು ಕಿಟಕಿಯ ಹೊರಗೆ ನೋಡಿದೆ. ಅಲ್ಲಿಯವರೆಗೆ ನನ್ನ ಮನಸ್ಸು ಕಾಗದ ಬಾರದಿರಲಿ ಎಂದು ಬಯಸುತ್ತಿತ್ತು.

ಕಾಗದ ಇಪ್ಪತ್ತಮೂರನೆಯ ದಿನ ಬಂತು. ಫಾರಂ 29, 30 ಎಲ್ಲ ಕ್ರಮಪ್ರಕಾರ ಮುಗಿದು ಕಾರು ಮಳೆಯೊಂದಿಗೇ ನಮ್ಮೂರಿಗೆ ಬಂತು. ನೋಡಲು ಬಂದವರು ಬಂದರು, ಹೇಳುವವರು ಹೇಳಿದರು. ಗಲ್ಫಿನಲ್ಲಿ ಏನೋ ಸಿಕ್ಕಿರಬೇಕು ಎಂದರು ಕೆಲವರು. ಚಂದಾ ಕೇಳಲು ಬರುವವರ ರಶೀದಿಯಲ್ಲಿ ಒಂದು ಸೊನ್ನೆ ಹೆಚ್ಚಾಯಿತು.

ಮೊದಲ ವರ್ಷದ ಲೆಕ್ಕ ನನ್ನ ಪುಸ್ತಕದಲ್ಲಿದೆ. ಮೂರನೆಯವರ ವಿಮೆಯೇ, 1500 ಸಿ.ಸಿ. ಮೀರಿದ ಕಾರಿಗೆ 2022ರಲ್ಲಿ ಗೊತ್ತುಪಡಿಸಿದ ದರದಂತೆ, 7,897 ರೂಪಾಯಿ, ಅದರ ಮೇಲೆ ತೆರಿಗೆ. ನಾಲ್ಕು ಟಯರು, ಬ್ರೇಕು, ಎಣ್ಣೆ ಎಲ್ಲ ಸೇರಿ ಎರಡು ಲಕ್ಷ ದಾಟಿತು. ಬ್ಯಾಟರಿ ಸತ್ತಾಗ ಪೇಟೆಯ ಮೆಕ್ಯಾನಿಕ್ ಬಾನೆಟ್ ತೆಗೆದು ಹುಡುಕಿಯೇ ಹುಡುಕಿದ. ಅದು ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಅಡಿಕೆ ಮರದ ಕೆಳಗೆ ನಿಲ್ಲಿಸಿದ್ದಕ್ಕೆ ಮೇಲ್ಚಾವಣಿಯ ಗಾಜಿನ ಅಂಚಿನ ನೀರಿನ ದಾರಿ ಕಸಕಡ್ಡಿಯಿಂದ ಕಟ್ಟಿಕೊಂಡು ಆಟಿಯ ಮಳೆ ಒಳಗೇ ಸುರಿಯಿತು. ಡೀಸೆಲ್ಲಿಗೆ ತಲಪಾಡಿಯ ಗಡಿ ದಾಟುತ್ತಿದ್ದರು. ಕೇರಳ 2023ರ ಏಪ್ರಿಲಿನಲ್ಲಿ ಲೀಟರಿಗೆ ಎರಡು ರೂಪಾಯಿ ಸೆಸ್ ಹಾಕಿದ ಮೇಲೆ ಆಚೆ ಈಚೆಗೆ ಎಂಟು ರೂಪಾಯಿಗೂ ಮಿಕ್ಕಿ ವ್ಯತ್ಯಾಸವಿತ್ತು. ಬಡ್ಡಿ ಕಟ್ಟಲು ಮಾತ್ರ ಭಾವ ಪ್ರತಿ ತಿಂಗಳೂ ಬಸ್ಸಿನಲ್ಲೇ ಬಂದರು.

ಆ ನಡುವೆ ಚಿನ್ನದ ಬೆಲೆ ಏರತೊಡಗಿತು. 2025ರ ಅಕ್ಟೋಬರಿನಲ್ಲಿ ಪವನಿಗೆ ತೊಂಬತ್ತು ಸಾವಿರ ದಾಟಿದ ದಿನ ಅಕ್ಕ ಫೋನು ಮಾಡಿದಳು. “ಕಾರನ್ನು ನಿನ್ನ ಬ್ಯಾಂಕಿನಲ್ಲಿಟ್ಟು ಚಿನ್ನ ಹಾಕಿಕೊಂಡು ತಿರುಗಬೇಕಿತ್ತಲ್ಲ ತಮ್ಮಾ,” ಎಂದು ನಕ್ಕಳು. ಪಕ್ಕದಲ್ಲಿ ಭಾವನೂ ನಕ್ಕದ್ದು ಕೇಳಿಸಿತು.

ಎರಡು ವರ್ಷದ ಅಡಿಕೆಯೂ ಮಗಳ ಸಂಬಳದ ಪಾಲೂ ಸೇರಿ ಆ ಡಿಸೆಂಬರಿನಲ್ಲಿ ಸಾಲ ತೀರಿತು. ಅಂದು ಭಾವ ಕಾರಿನಲ್ಲಿಯೇ ಬಂದರು. ಸಹೋದ್ಯೋಗಿ ಮೊಹರಿನ ಪೊಟ್ಟಣ ಒಡೆದು ಒಂದೊಂದೇ ಎಣಿಸಿಕೊಟ್ಟರು. ಅಕ್ಕ ಎರಡು ಬಳೆಗಳನ್ನು ಅಲ್ಲಿಯೇ ಕೈಗೆ ಹಾಕಿಕೊಂಡಳು. ನಾನು ಮೆಟ್ಟಿಲವರೆಗೆ ಹೋದೆ. ಭಾವ ಮುಂದಾಗಿ ಹೋಗಿ, ಅಭ್ಯಾಸಬಲದಿಂದ, ಹಿಂದಿನ ಬಾಗಿಲು ತೆರೆದು ಹಿಡಿದು ನೆಟ್ಟಗೆ ನಿಂತರು. ಅಕ್ಕ ಅವರ ಮುಖ ನೋಡಿದಳು. “ನಾನೇನು ನಿಮ್ಮ ಅರಬಿಯ ಹೆಂಡತಿಯಾ?” ಎಂದು ಆ ಬಾಗಿಲನ್ನು ತಾನೇ ದೂಡಿ ಮುಚ್ಚಿ, ಸುತ್ತು ಹಾಕಿ ಬಂದು ಮುಂದಿನ ಸೀಟಿನಲ್ಲಿ ಕುಳಿತಳು.