ಬಣ್ಣ ಒಣಗದ ಮ್ಯೂಸಿಯಂ

ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಸಹಿ ಹಾಕಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡದ್ದು 1792ರಲ್ಲಿ. ಅದರ ಮರುವರ್ಷ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಏಮ್ಸ್‌ಬರಿ ಎಂಬ ಊರಲ್ಲಿ, ಮೆರಿಮ್ಯಾಕ್ ನದಿಯ ದಡದ ಮೇಲೆ, ಸಿಮಿಯನ್ ಲೋವೆಲ್ ಎಂಬಾತ ದೋಣಿ ಕಟ್ಟುವ ಕಸುಬು ಶುರುಮಾಡಿದ. ಶ್ರೀರಂಗಪಟ್ಟಣದ ಕೋಟೆಯೊಳಗೆ ಟಿಪ್ಪುವಿನ ಅರಮನೆಯಿದ್ದ ಜಾಗದಲ್ಲಿ ಈಗ ತಳಪಾಯವಷ್ಟೇ ಉಳಿದಿದೆ. ಲೋವೆಲ್‌ನ ಕಾರ್ಖಾನೆ ಈಗ ಮ್ಯೂಸಿಯಂ, ಆದರೂ ಅಲ್ಲಿ ಇವತ್ತಿಗೂ ಸುತ್ತಿಗೆಯ ಸದ್ದು ನಿಂತಿಲ್ಲ.

ಅಲ್ಲಿಗೆ ಹೋಗುವ ಮೊದಲು ನಾನು ಬಾಸ್ಟನ್‌ನಲ್ಲಿ ಕಳೆದ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಹಾರ್ವರ್ಡ್ ಪ್ರತಿಮೆಯ ಬೂಟು ಸವರಲು ನೂಕಾಡುವ ಜನ, ಕೈ ಸುಡುವ ಟಿಕೆಟ್ ದರ, ಅದಕ್ಕಿಂತ ಹೆಚ್ಚು ಸುಡುವ ಪಾರ್ಕಿಂಗ್ ದರ, ಗಾಜಿನ ಹಿಂದೆ ನಿದ್ದೆಹೋದ ವಸ್ತುಗಳು. ಬೇಸತ್ತು ಉತ್ತರಕ್ಕೆ ಒಂದು ಗಂಟೆ ಕಾರಲ್ಲಿ ಹೋದರೆ ನದಿಗೆ ಬೆನ್ನುಹಾಕಿ ನಿಂತ ಲೋವೆಲ್‌ನ ಹಳೆಯ ಮರದ ಕಟ್ಟಡ ಸಿಗುತ್ತದೆ. ಬಾಗಿಲು ದಾಟಿದರೆ ಪೈನ್ ಮರದ ಹೊಟ್ಟಿನ ವಾಸನೆ.

ನಾನು ಬಹಳ ಹೊತ್ತು ನಿಂತದ್ದು ಬಣ್ಣದ ಕೋಣೆಯಲ್ಲಿ. ಅಲ್ಲಿ ನೆಲವೇ ಕಾಣುವುದಿಲ್ಲ. ತಲೆಮಾರುಗಳ ಕಾಲ ಕುಂಚದಿಂದ ತೊಟ್ಟಿಕ್ಕಿದ, ಡಬ್ಬಿಯಿಂದ ಚೆಲ್ಲಿದ ಬಣ್ಣ ಪದರದ ಮೇಲೆ ಪದರವಾಗಿ ಇಂಚುಗಟ್ಟಲೆ ದಪ್ಪಗಟ್ಟಿ, ವರ್ಷವರ್ಷವೂ ಸಿಂಧೂರ ಬಳಿಸಿಕೊಂಡ ಆಂಜನೇಯನ ಮೈಯಂತೆ ಉಬ್ಬಿಕೊಂಡಿದೆ. ಅದನ್ನು ಕೆರೆದು ಶುಚಿಮಾಡುವ ಬುದ್ಧಿ ಯಾರಿಗೂ ಬಾರದಿದ್ದುದು ನಮ್ಮ ಪುಣ್ಯ.

ಇಲ್ಲಿ ಹೆಸರಾದದ್ದು ಡೋರಿ ಎಂಬ ದೋಣಿ. ಚಪ್ಪಟೆ ತಳ, ಹೊರಕ್ಕೆ ಚಾಚಿದ ಪಕ್ಕಗಳು, ಓಕ್ ಮರದ ಪಕ್ಕೆಲುಬುಗಳಿಗೆ ಪೈನ್ ಹಲಗೆ. ನೋಡಲು ಸೊಗಸೇನಿಲ್ಲ, ಆದರೆ ಒಳಗಿನ ಕೂರುಹಲಗೆಗಳನ್ನು ಕಿತ್ತುಬಿಟ್ಟರೆ ಲೋಟಗಳ ಹಾಗೆ ಒಂದರೊಳಗೊಂದು ಕೂರುತ್ತದೆ. ಸ್ಕೂನರ್ ಎಂಬ ಹಾಯಿಹಡಗುಗಳು ಹೀಗೆ ಪೇರಿಸಿಕೊಂಡ ಡೋರಿಗಳ ಜೊತೆ ನ್ಯೂಫೌಂಡ್‌ಲ್ಯಾಂಡ್ ಕಡೆಯ ಗ್ರ್ಯಾಂಡ್ ಬ್ಯಾಂಕ್ಸ್‌ಗೆ ಹೋಗಿ, ಒಂದೊಂದರಲ್ಲಿ ಇಬ್ಬಿಬ್ಬರನ್ನು ಕೂರಿಸಿ ಕಾಡ್ ಮೀನು ಹಿಡಿಯಲು ಸಮುದ್ರಕ್ಕೆ ಇಳಿಸುತ್ತಿದ್ದವು. ಖಾಲಿಯಿದ್ದಾಗ ತೂರಾಡುವ ಡೋರಿ ಮೀನು ತುಂಬಿದಷ್ಟೂ ಗಟ್ಟಿಯಾಗಿ ನೀರಲ್ಲಿ ಕೂರುತ್ತದೆ. ಬಿರುಗಾಳಿಗೆ ಸಿಕ್ಕಿ ಹೋದರೆ ಇನ್ನೊಂದು ತರಬೇಕಲ್ಲ, ಹಾಗಾಗಿ ಅಗ್ಗವಾಗಿಯೂ ಇರಬೇಕಿತ್ತು. ಹೆನ್ರಿ ಫೋರ್ಡ್ ಕಾರುಗಳಿಗೆ ಚಲಿಸುವ ಜೋಡಣಾ ಸಾಲು ತಂದದ್ದು 1913ರಲ್ಲಿ. ಲೋವೆಲ್ ಮನೆಯವರು ಅದಕ್ಕೂ ಮೊದಲೇ ಕೆಲಸವನ್ನು ಹಂತಹಂತವಾಗಿ ಹಂಚಿಕೊಂಡಿದ್ದರು. 1911 ಒಂದೇ ವರ್ಷದಲ್ಲಿ ಇಲ್ಲಿಂದ ಹೊರಟ ದೋಣಿಗಳು 2,029. ಭಾನುವಾರ ರಜೆ ಎಂದಿಟ್ಟುಕೊಂಡರೆ ದಿನಕ್ಕೆ ಆರೇಳು!

ಡೋರಿಯಲ್ಲಿ ಕೂತ ಆ ಇಬ್ಬಿಬ್ಬರ ಗತಿ ಏನಾಗುತ್ತಿತ್ತು ಎಂಬುದಕ್ಕೆ ಹೊವರ್ಡ್ ಬ್ಲ್ಯಾಕ್‌ಬರ್ನ್‌ನ ಕಥೆ ಸಾಕು. 1883ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನದೇ ಗ್ಲೌಸ್ಟರ್ ಬಂದರಿನ ಈ ಮೀನುಗಾರ ಜೊತೆಗಾರ ಟಾಮ್ ವೆಲ್ಚ್ ಜೊತೆ ಇಂಥದೇ ಡೋರಿಯಲ್ಲಿದ್ದಾಗ ಹಿಮಗಾಳಿ ಎದ್ದು, ಹಡಗು ಕಣ್ಮರೆಯಾಯಿತು. ಕೈಗವಸೂ ಕಳೆದುಹೋಯಿತು. ಬೆರಳು ಹೆಪ್ಪುಗಟ್ಟುವುದು ಖಂಡಿತ ಎಂದು ಗೊತ್ತಾದಾಗ ಬ್ಲ್ಯಾಕ್‌ಬರ್ನ್ ಅವನ್ನು ಹುಟ್ಟಿನ ಹಿಡಿಗೆ ಸುತ್ತಿ, ಆ ಆಕಾರದಲ್ಲೇ ಹೆಪ್ಪುಗಟ್ಟಲು ಬಿಟ್ಟ. ಬೆರಳು ಹೋದರೂ ಹುಟ್ಟು ಹಾಕಲು ಬರಬೇಕಲ್ಲ! ವೆಲ್ಚ್ ದೋಣಿಯಲ್ಲೇ ಸತ್ತ. ಬ್ಲ್ಯಾಕ್‌ಬರ್ನ್ ಆ ಶವದೊಂದಿಗೆ ದಿನಗಟ್ಟಲೆ ಹುಟ್ಟು ಹಾಕಿ ನ್ಯೂಫೌಂಡ್‌ಲ್ಯಾಂಡ್ ದಡ ಮುಟ್ಟಿದ. ಬೆರಳುಗಳೆಲ್ಲ ಹೋದವು. ಊರಿಗೆ ಮರಳಿ ಹೆಂಡದಂಗಡಿ ಇಟ್ಟ. ಅಷ್ಟಕ್ಕೆ ಸುಮ್ಮನಾದನೇ? 1899ರಲ್ಲಿ ಬೆರಳಿಲ್ಲದ ಕೈಗಳಲ್ಲೇ, ಒಬ್ಬನೇ, ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೆ ಹೋದ. ಎಲ್ಲರೂ ಇಷ್ಟು ಗಟ್ಟಿ ಪಿಂಡಗಳಲ್ಲ. ಗ್ಲೌಸ್ಟರ್‌ನ ಸ್ಮಾರಕದಲ್ಲಿ ಕಡಲಿಗೆ ಹೋಗಿ ಬಾರದವರ 5,000ಕ್ಕೂ ಹೆಚ್ಚು ಹೆಸರುಗಳಿವೆ. ಅಲ್ಲಿ ಸೆಲ್ಫಿಗೆ ಹಲ್ಲು ಕಿರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಏಮ್ಸ್‌ಬರಿಯ ಕಾರ್ಖಾನೆಯನ್ನು ಏಳು ತಲೆಮಾರು ನಡೆಸಿ, 1976ರಲ್ಲಿ ಲೋವೆಲ್ ಮನೆತನ ಕೈಬಿಟ್ಟಿತು. ಕೈ ಬದಲಾದರೂ ಕೆಲಸ ನಿಲ್ಲಲಿಲ್ಲ. 1990ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣದ ಮಾನ್ಯತೆ ಸಿಕ್ಕಿತು. ಈಗ ನಡೆಸುತ್ತಿರುವುದು ಲಾಭಕ್ಕಾಗಿ ಅಲ್ಲದ ಒಂದು ಪ್ರತಿಷ್ಠಾನ. ದೋಣಿಗಳನ್ನು ಕಟ್ಟಿ ಮಾರುತ್ತಾರೆ, ಹತ್ತಿರದ ಹೈಸ್ಕೂಲ್ ಮಕ್ಕಳಿಗೆ ಕಸುಬನ್ನೂ ಕಲಿಸುತ್ತಾರೆ. ನಾನು ಹೋದಾಗ ಹುಡುಗಿಯೊಬ್ಬಳು ಹಲಗೆಯ ಅಂಚನ್ನು ಓರೆಯಾಗಿ ಕೀಸುತ್ತಿದ್ದಳು, ಮೇಲಿನ ಹಲಗೆ ಸಂದಿಲ್ಲದೆ ಅದರ ಮೇಲೆ ಕೂರಲಿ ಎಂದು. ಕೀಸುವುದು, ಬೆರಳಾಡಿಸುವುದು, ಮತ್ತೆ ಕೀಸುವುದು. ಆಮೇಲೆ ಒಬ್ಬರು ಹೊರಗಿನಿಂದ ಮೊಳೆ ಹೊಡೆದರೆ, ಒಳಗೆ ಇನ್ನೊಬ್ಬರು ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಮೊಳೆಯ ತುದಿ ಬಾಗಿ ಮರಳಿ ಮರಕ್ಕೇ ಕಚ್ಚಿಕೊಳ್ಳುವಂತೆ ಮಾಡಿದರು. ಹೊಡೆತದ ಲಯ ತಪ್ಪಿದರೆ ಮೊಳೆ ಸೊಟ್ಟ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಸುತ್ತಿಗೆ ಇದನ್ನು ಹೇಳಿಕೊಡಲಾರದು.

ನಮ್ಮ ಕರಾವಳಿಯಲ್ಲೂ ಮಾವಿನ ದಿಮ್ಮಿ ಕೊರೆದ ಪಾತಿ ದೋಣಿಗಳಿದ್ದವು, ದಡಕ್ಕೆ ಎಳೆಯುವ ರಂಪಣಿ ಬಲೆ ಹೊತ್ತ ದೊಡ್ಡ ದೋಣಿಗಳಿದ್ದವು. ಎಪ್ಪತ್ತರ ದಶಕದಲ್ಲಿ ಸುತ್ತುಬಲೆಯ ಪರ್ಸೀನ್ ಬೋಟುಗಳು ಬಂದು ರಂಪಣಿ ಮೂಲೆಗೆ ಸರಿಯಿತು, ಆಮೇಲೆ ಮರದ ಜಾಗಕ್ಕೆ ಫೈಬರ್ ಬಂತು. ಅದಕ್ಕೆ ಮೀನುಗಾರರನ್ನು ದೂರುವುದು ತಪ್ಪು. ಫೈಬರ್ ಹಗುರ, ಹುಳ ಹಿಡಿಯುವುದಿಲ್ಲ. ಆದರೆ ಮರದ ದೋಣಿ ಕಟ್ಟಬಲ್ಲ ಹಿರಿಯ ಆಚಾರಿಗಳು ಇರುವಾಗಲೇ, ಮಲ್ಪೆಯಲ್ಲೋ ತದಡಿಯಲ್ಲೋ ಅವರಿಗೊಂದು ಚಪ್ಪರ, ನಾಲ್ಕು ಶಿಷ್ಯರು, ಸಂಬಳ ಸಿಗಬೇಕು. ಸಿಮೆಂಟಿನ ಮೀನುಗಾರರ ಬೊಂಬೆ ನಿಲ್ಲಿಸುವ ದುಡ್ಡಲ್ಲಿ ಇದು ಆಗದ ಕೆಲಸವೇನಲ್ಲ.

ಮಕ್ಕಳ ಮನೆಗೆಂದು ಬಾಸ್ಟನ್‌ಗೆ ಹೋಗುವವರು ನಾರ್ತ್ ಸ್ಟೇಷನ್‌ನಲ್ಲಿ ನ್ಯೂಬರಿಪೋರ್ಟ್ ರೈಲು ಹತ್ತಿ. ಕೊನೆಯ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಹೋದರೆ ಏಮ್ಸ್‌ಬರಿ ಹತ್ತಿರ. ಹೊರಡುವ ಮೊದಲು ಫೋನ್ ಮಾಡಿ, ಕೆಲಸ ನಡೆಯುವ ದಿನವೇ ಎಂದು ಕೇಳಿಕೊಳ್ಳಿ.